ಅಪ್ಪ ಕೇಳದೆ ಓದಿದ ಹೆಸರು

ಆ ಭಾನುವಾರ ನನ್ನ ಹೆಸರನ್ನು ಮೈಕಿನಲ್ಲಿ ಓದಿದ್ದು ಬೇರೆ ಯಾರೂ ಅಲ್ಲ, ನಮ್ಮಪ್ಪನೇ. ಓದುವ ಮೊದಲು ನನ್ನನ್ನು ಒಂದು ಮಾತು ಕೇಳಬೇಕಿತ್ತು, ಕೇಳಿರಲಿಲ್ಲ. ಆಗಿದ್ದು ಇಷ್ಟೇ. ಆದರೆ ನಮ್ಮ ವಿಲೋ ಬೆಂಚ್ ಊರಿನವರು ಹೇಳುವುದನ್ನು ಕೇಳಿದರೆ ಆವತ್ತು ಚಾವಣಿಯೇ ಕುಸಿದುಬಿದ್ದಿತ್ತೇನೋ ಅನ್ನಿಸಬೇಕು.

ಅಪ್ಪನ ಹೆಸರು ವರ್ಲಿನ್ ಮಿಕೆಲ್ಸನ್. ಯೂಟಾದ ಸ್ಯಾನ್‌ಪೀಟ್ ಕಣಿವೆಯಲ್ಲಿ ಟರ್ಕಿ ಕೋಳಿ ಸಾಕುತ್ತಾನೆ. ವಾರವೆಲ್ಲ ಟರ್ಕಿ, ಭಾನುವಾರ ಸಭೆ. ನಮ್ಮ ಮಾರ್ಮನ್ ಸಭೆಗಳಲ್ಲಿ ಸಂಬಳದ ಪಾದ್ರಿ ಅಂತ ಯಾರೂ ಇರುವುದಿಲ್ಲ, ಊರಿನವರೇ ಒಬ್ಬರಾದ ಮೇಲೊಬ್ಬರು ನಡೆಸಿಕೊಂಡು ಹೋಗುವುದು. ನೀರಾವರಿ ಪೈಪು ಮಾರುವ ಬ್ಲ್ಯಾಕ್‌ಹ್ಯಾಮ್ ಆಗ ನಮ್ಮ ಬಿಷಪ್, ಅಂದರೆ ಊರ ಸಭೆಯ ಮುಖ್ಯಸ್ಥ. ಅಪ್ಪ ಅವರ ಇಬ್ಬರು ಸಹಾಯಕರಲ್ಲಿ ಒಬ್ಬ. ಹಾಗಾಗಿ ಪ್ರತಿ ಭಾನುವಾರ ಅಪ್ಪ ವೇದಿಕೆಯ ಮೇಲೆ, ನಾವು ಕೆಳಗೆ ಬೆಂಚಿನಲ್ಲಿ.

ನಾನು ಜೆರುಷಾ, ಮನೆಯಲ್ಲಿ ರುಶ್. ಕುರಿಯ ಉಣ್ಣೆ ಕತ್ತರಿಸುವುದು ನನ್ನ ಕೆಲಸ. ಇದರ ಬಗ್ಗೆ ಶುರುಮಾಡಿದರೆ ನಾನು ನಿಲ್ಲಿಸುವುದಿಲ್ಲ ಎಂದು ಎಲ್ಲರೂ ಬೈಯುತ್ತಾರೆ, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಕುರಿಯನ್ನು ಕುಂಡಿಯ ಮೇಲೆ ಕೂರಿಸಿ ಬೆನ್ನನ್ನು ನಿಮ್ಮ ಮಂಡಿಗೆ ಒರಗಿಸಿಕೊಂಡರೆ ಸಾಕು, ಕ್ಷೌರಕ್ಕೆ ಕೂತ ತಾತನ ಹಾಗೆ ಸುಮ್ಮನಾಗಿಬಿಡುತ್ತದೆ. ಆಮೇಲೆ ಹೊಟ್ಟೆಯಿಂದ ಮಿಷನ್ನು ಹಿಡಿದರೆ, ಕಾಲು, ಪಕ್ಕೆ, ಕತ್ತು, ಬೆನ್ನು, ಎಲ್ಲೂ ನಿಲ್ಲಿಸದೆ ಹೋಗಬೇಕು. ಹೊರಗೆ ಮಣ್ಣು ಹಿಡಿದು ಕಂದಾಗಿದ್ದ ಉಣ್ಣೆ ಒಂದೇ ಕಂಬಳಿಯಾಗಿ ಕಳಚಿ ಬೀಳುವಾಗ ಒಳಮೈ ಹಾಲಿನ ಕೆನೆಯ ಹಾಗೆ ಕಾಣುತ್ತದೆ. ಕುರಿ ಎದ್ದು ಮೈ ಕೊಡವಿ, ಅರ್ಧ ಗಾತ್ರವಾಗಿ, ತಾನು ಯಾರು ಎಂದು ತನಗೇ ಗೊತ್ತಿಲ್ಲದ ಹಾಗೆ ಓಡುತ್ತದೆ. ನೂರು ಸಲ ನೋಡಿದರೂ ನನಗೆ ನಗು ಬರುತ್ತದೆ. ಆಯಿತು, ನಿಲ್ಲಿಸಿದೆ.

ವಸಂತ ಬಂತೆಂದರೆ ಮೈತೆ ಎಂಬಾಕೆಯ ತಂಡದ ಜೊತೆ ನೆವಾಡಾ, ವಯೋಮಿಂಗ್ ಎಂದು ತಿರುಗುತ್ತೇನೆ. ಅಲ್ಲಿ ಯಾರೂ ನನ್ನನ್ನು ಯಾವ ಮನೆಯವಳು, ಮದುವೆ ಯಾವಾಗ, ದೇವಾಲಯಕ್ಕೆ ಹೋಗುತ್ತೀಯಾ ಎಂದು ಕೇಳುವುದಿಲ್ಲ. ಉಣ್ಣೆ ಚೆನ್ನಾಗಿ ಬಂತಾ ಇಲ್ಲವಾ, ಅಷ್ಟೇ. ಆ ಶೆಡ್ಡುಗಳಲ್ಲಿ, ಬೆವರಿನಲ್ಲಿ, ಕುರಿಗಳ ಅರಚಾಟದ ನಡುವೆ ನನಗೆ ನಾನು ತುಂಬ ಇಷ್ಟವಾಗತೊಡಗಿದೆ. ನಂಬಿಕೆ ಹೋದದ್ದೂ ಅಲ್ಲೇ. ಯಾರ ಜೊತೆಗೂ ಜಗಳವಾಗಲಿಲ್ಲ, ಯಾರೂ ನನ್ನ ತಲೆ ಕೆಡಿಸಲಿಲ್ಲ. ಒಂದು ಬೆಳಿಗ್ಗೆ ಪ್ರಾರ್ಥನೆಗೆಂದು ಮಂಡಿಯೂರಿದಾಗ ನಾನು ಯಾರ ಜೊತೆಯೂ ಮಾತಾಡುತ್ತಿಲ್ಲ ಅನ್ನಿಸಿತು. ಹೆದರಿಕೆ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ, ಮೈ ಹಗುರವಾಯಿತು. ಎದ್ದು ಹೋಗಿ ಬ್ಲೇಡು ಸಾಣೆ ಹಿಡಿದೆ.

ಊರಿಗೆ ಬಂದಾಗ ಮಾತ್ರ ಸಭೆಗೆ ಹೋಗುತ್ತಿದ್ದೆ. ಎಲ್ಲರೂ ಸೇರಿ ಹಾಡುವುದು ಇಷ್ಟ, ಅಜ್ಜಿಯ ಪಕ್ಕ ಕೂತು ಅವಳ ಚೀಲದಲ್ಲಿನ ಪುದೀನ ಮಿಠಾಯಿ ಕದಿಯುವುದು ಇಷ್ಟ. ಹೋಗದಿದ್ದರೆ ಬರುವ ಪ್ರಶ್ನೆಗಳು ಇಷ್ಟವಿಲ್ಲ. ಅಮ್ಮನಿಗೆ ಚಳಿಗಾಲದಲ್ಲೇ ಹೇಳಿದ್ದೆ.

"ಅಮ್ಮ, ನಂಗೆ ಈಗ ನಂಬಿಕೆ ಇಲ್ಲ."

"ನೀನು ಸರಿಯಾಗಿ ಊಟ ಮಾಡ್ತಿಲ್ಲ, ಅದಕ್ಕೇ ಹಂಗನ್ಸತ್ತೆ. ತಗೋ, ಇನ್ನೊಂದು ಬನ್ನು ತಗೋ."

"ಅಪ್ಪಂಗೆ ಹೇಳ್ಬೇಕು."

"ಹೇಳಿದ್ರಾಯ್ತು ಬಿಡೇ. ಟರ್ಕಿ ರೇಟು ಬಿದ್ದೋಗಿ ಅವನ ತಲೆ ಈಗ್ಲೇ ಬಿಸಿಯಾಗಿದೆ. ಆಮೇಲೆ ಹೇಳಿದ್ರಾಯ್ತು."

ರೇಟು ಏರಿತು, ಚಳಿಗಾಲ ಮುಗಿಯಿತು, ಅಮ್ಮನ ಆಮೇಲೆ ಮಾತ್ರ ಬರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಅಪ್ಪ ಮತ್ತು ನಾನು ಒಳ್ಳೆಯ ಜೋಡಿ. ಚಿಕ್ಕಂದಿನಿಂದ ಅವನ ಹಿಂದೆಯೇ ಶೆಡ್ಡು ಸುತ್ತಿದವಳು ನಾನು. ನಾನು ಹೇಳಿದ ಮೇಲೆ ಅವನು ನನ್ನನ್ನು ಬೇರೆ ಥರ ನೋಡಿದರೆ ಏನು ಮಾಡುವುದು ಎಂಬುದು ಒಂದೇ ನನಗಿದ್ದ ಹೆದರಿಕೆ.

ಈಗ ಆ ವಾರಕ್ಕೆ ಬರುತ್ತೇನೆ. ಗುರುವಾರ ಬಿಷಪ್ ಅಪ್ಪನನ್ನು ಕರೆದು, ಹದಿಹರೆಯದ ಹುಡುಗಿಯರ ತರಗತಿಗೆ ಶಿಕ್ಷಕಿ ಬೇಕು, ಜೆರುಷಾಳನ್ನು ಕೇಳಿ ಎಂದಿದ್ದರು. ನಮ್ಮಲ್ಲಿ ಯಾರೂ ತಾವಾಗಿ ಸೇವೆ ಕೇಳಿಕೊಂಡು ಹೋಗುವುದಿಲ್ಲ, ಬಿಷಪ್ ಕಡೆಯಿಂದ ಕರೆ ಬರುತ್ತದೆ. ಒಂಟಿಯಾಗಿ ಕೂರಿಸಿ ಕೇಳಬೇಕು, ಅವರು ಒಪ್ಪಿದ ಮೇಲೆ ಭಾನುವಾರ ಸಭೆಯಲ್ಲಿ ಹೆಸರು ಓದಬೇಕು, ಸಭೆ ಕೈ ಎತ್ತಿ ಒಪ್ಪಬೇಕು. ಕ್ರಮ ಇದು.

"ನಮ್ಮನೇಲೇ ಇದಾಳಲ್ಲ, ಅದನ್ನ ನಂಗೆ ಬಿಡಿ," ಅಂದನಂತೆ ಅಪ್ಪ.

ಶುಕ್ರವಾರ ಮರಿಗಳ ಲಾರಿ ಹೇಳದೆ ಕೇಳದೆ ಒಂದು ದಿನ ಮೊದಲೇ ಬಂತು. ಆಗಷ್ಟೇ ಮೊಟ್ಟೆಯೊಡೆದ ಟರ್ಕಿ ಮರಿಗಳಷ್ಟು ದಡ್ಡ ಜೀವ ಪ್ರಪಂಚದಲ್ಲಿಲ್ಲ. ಚಳಿಯಾದರೆ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ, ನೀರಿನ ತಟ್ಟೆ ಮುಂದೆಯೇ ನಿಂತು ಬಾಯಾರಿ ಸಾಯುತ್ತವೆ. ಶನಿವಾರವೆಲ್ಲ ನಾವಿಬ್ಬರೂ ಬಿಸಿದೀಪಗಳನ್ನು ಏರಿಸುತ್ತ ಇಳಿಸುತ್ತ ಅಲ್ಲೇ ಇದ್ದೆವು. ಪಕ್ಕದಲ್ಲೇ ಇದ್ದೆ, ಆದರೂ ಕೇಳುವುದನ್ನು ಅಪ್ಪ ಮರೆತ. ಮರೆತ ಎಂದರೆ ಪೂರ್ತಿ ನಿಜ ಹೇಳಿದಂತಾಗುವುದಿಲ್ಲ. ನಮ್ಮೂರಲ್ಲಿ ಕರೆ ಬಂದರೆ ಬೇಡ ಎಂದವರೇ ಇಲ್ಲ. ಹಾಗಾಗಿ ಕೇಳುವುದು, ಓದುವುದು ಎರಡೂ ಒಂದೇ ಎಂದು ಅಪ್ಪನ ಮನಸ್ಸಿನಲ್ಲಿ ಎಲ್ಲೋ ಇತ್ತು. ನಾನು ಬೇಡ ಅನ್ನಬಹುದು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಭಾನುವಾರ ಅಪ್ಪ ಮೈಕಿನ ಮುಂದೆ ಬಂದು ನಿಂತ. ಟೈ ಸೊಟ್ಟಗಿತ್ತು, ಕಣ್ಣು ಕೆಂಪಗಿತ್ತು. ಕೈಯಲ್ಲೊಂದು ಹಾಳೆ. ಯಾರದೋ ಮದುವೆಯ ಊಟ, ಯಾರದೋ ಮಗುವಿನ ಆಶೀರ್ವಾದ ಎಂದೆಲ್ಲ ಓದಿ, ಅದೇ ಧಾಟಿಯಲ್ಲಿ ಮುಂದುವರಿಸಿದ. ನಮ್ಮ ಸಭೆಯಲ್ಲಿ ಹೆಂಗಸರೆಲ್ಲ ಸಿಸ್ಟರ್‌ಗಳೇ, ಸ್ವಂತ ಮಗಳಾದರೂ.

"ಸಿಸ್ಟರ್ ಜೆರುಷಾ ಮಿಕೆಲ್ಸನ್ ಅವರನ್ನು ಹುಡುಗಿಯರ ತರಗತಿಯ ಶಿಕ್ಷಕಿಯಾಗಿ ಕರೆಯಲಾಗಿದೆ. ಅವರು ದಯವಿಟ್ಟು ಎದ್ದು ನಿಲ್ಲಬೇಕು."

ಪಕ್ಕದಲ್ಲಿದ್ದ ಲಾರೂ ಅಜ್ಜಿ ಮೊಣಕೈಯಿಂದ ತಿವಿದಳು. "ಏನೇ, ನನ್ ಹತ್ರಾನೂ ಬಾಯಿ ಬಿಡ್ಲಿಲ್ವಲ್ಲೇ ನೀನು."

"ನಂಗೇ ಗೊತ್ತಿಲ್ಲ ಅಜ್ಜಿ."

"ಹಂಗಂದ್ರೇನೇ? ಏಳು ಏಳು, ಎಲ್ರೂ ನೋಡ್ತಿದಾರೆ."

ಎದ್ದೆ. ಕಾಲು ತಾನಾಗಿ ಎದ್ದು ನಿಂತಿತು ಎನ್ನಬೇಕು, ಚಿಕ್ಕಂದಿನಿಂದ ಅಭ್ಯಾಸ.

"ಒಪ್ಪುವವರು ಬಲಗೈ ಎತ್ತಬಹುದು," ಅಂದ ಅಪ್ಪ, ಹಾಳೆ ನೋಡುತ್ತ.

ಇಡೀ ಸಭೆಯ ಕೈ ಮೇಲೆದ್ದಿತು. ಹಾಲು ಕುಡಿಯುವ ಮಗುವಿನ ಕೈಯನ್ನೂ ಅದರಮ್ಮ ಎತ್ತಿ ಹಿಡಿದಿದ್ದಳು. ಮುಂದಿನ ಬೆಂಚುಗಳಲ್ಲಿದ್ದ ಹುಡುಗಿಯರೆಲ್ಲ ಹಿಂದೆ ತಿರುಗಿ, ಕೈ ಎತ್ತಿಕೊಂಡೇ ನನ್ನನ್ನು ನೋಡಿ ನಗುತ್ತಿದ್ದರು. ಅವರಿಗೆ ನಾನೆಂದರೆ ತುಂಬ ಇಷ್ಟ. ಹುಡುಗರ ಹಾಗೆ ಕತ್ತರಿಸಿದ ನನ್ನ ಕೂದಲು, ನಾನು ಓಡಿಸುವ ಟ್ರಕ್ಕು, ನೆವಾಡಾ, ಎಲ್ಲ ಅವರಿಗೆ ದೊಡ್ಡ ಕತೆ. ಇನ್ನು ಮೇಲೆ ಪ್ರತಿವಾರ ಆ ಮುಖಗಳ ಮುಂದೆ ಕೂತು ನಾನು ಏನು ಹೇಳಬೇಕು? ಮೈ ಮುಚ್ಚುವ ಬಟ್ಟೆ ಹಾಕಿ, ಧರ್ಮಪ್ರಚಾರಕ್ಕೆ ಹೋಗಿಬಂದ ಹುಡುಗನಿಗೆ ಕಾಯಿರಿ, ದೇವಾಲಯದಲ್ಲೇ ಮದುವೆಯಾಗಿ, ದೇವರು ನಿಮಗೆಂದು ಒಂದೇ ದಾರಿ ಇಟ್ಟಿದ್ದಾನೆ ಎಂದು. ನಾನು ಹೇಳಿದರೆ ಅವರು ನಂಬುತ್ತಾರೆ. ಅದೇ ತೊಂದರೆ.

"ಒಪ್ಪದವರು ಯಾರಾದರೂ ಇದ್ದರೆ, ಅದೇ ರೀತಿ."

ಈ ಸಾಲನ್ನು ಹುಟ್ಟಿದಾಗಿನಿಂದ ಪ್ರತಿ ಭಾನುವಾರ ಕೇಳಿದ್ದೇನೆ. ಒಂದು ಕೈಯೂ ಎದ್ದದ್ದು ಕಂಡಿಲ್ಲ. ಅಪ್ಪ ಆ ಸಾಲು ಓದುತ್ತಲೇ ಹಾಳೆ ತಿರುವುತ್ತಿದ್ದ.

ನಾನು ಕೈ ಎತ್ತಿದೆ.

"ರುಶ್," ಅಜ್ಜಿ ಪಿಸುಗುಟ್ಟಿದಳು, "ಲೇಟಾಯ್ತು ಕಣೇ, ಆ ಸರದಿ ಆಗೋಯ್ತು. ಇಳ್ಸು."

ನಾನು ಇಳಿಸಲಿಲ್ಲ. ಗುಸುಗುಸು ಶುರುವಾದದ್ದರಿಂದ ಅಪ್ಪ ತಲೆ ಎತ್ತಿದ. ನನ್ನನ್ನು ನೋಡಿ ಅವನ ಮುಖದಲ್ಲಿ ಮೊದಲು ಬಂದದ್ದು ನಗು. ಪಾಪ, ಮಗಳು ನಿದ್ದೆಗಣ್ಣಿನಲ್ಲಿದ್ದಾಳೆ ಎಂಬಂಥ ನಗು. ಮೈಕು ಇದೆ ಎಂಬುದನ್ನು ಮರೆತು ಮನೆಯಲ್ಲಿ ಮಾತಾಡುವ ಹಾಗೆ ಹೇಳಿದ:

"ರುಶ್, ಇದು ಒಪ್ಪದೆ ಇರೋರಿಗೆ."

"ಗೊತ್ತು ಅಪ್ಪ."

ಎಲ್ಲೋ ಒಂದು ಮಗುವಿನ ಡಬ್ಬಿಯಿಂದ ತಿಂಡಿಯ ಕಾಳುಗಳು ನೆಲಕ್ಕೆ ಉದುರಿ ಬೆಂಚುಗಳ ಕೆಳಗೆ ಉರುಳುತ್ತ ಹೋದವು. ಅಪ್ಪನ ನಗು ನಿಧಾನಕ್ಕೆ ಆರಿತು. ಬಿಷಪ್ ಎದ್ದು ಬಂದು ಅವನ ಕಿವಿಯಲ್ಲಿ ಏನೋ ಹೇಳಿದರು.

"ಗಮನಿಸಲಾಗಿದೆ," ಅಂದ ಅಪ್ಪ. ಹಾಳೆ ಮಡಚಿ ಹೋಗಿ ಕೂತ.

ಆರ್ಗನ್ ನುಡಿಸುವ ಸಿಸ್ಟರ್ ಡ್ರೇಪರ್ ಗಾಬರಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಕ್ರಿಸ್‌ಮಸ್ ಗೀತೆ ಶುರುಮಾಡಿಬಿಟ್ಟರು. ಯಾರಿಗೂ ನಿಲ್ಲಿಸುವ ಧೈರ್ಯ ಬರಲಿಲ್ಲ. ಎಲ್ಲರೂ ಮರ್ಯಾದೆಯಾಗಿ ಪೂರ್ತಿ ಹಾಡಿದೆವು. ಆಮೇಲೆ ಯೇಸುವಿನ ನೆನಪಿಗೆಂದು ನಂಬಿದವರಿಗೆ ಹಂಚುವ ರೊಟ್ಟಿ ಮತ್ತು ನೀರಿನ ತಟ್ಟೆಗಳು ಬಂದವು. ನಾನು ತೆಗೆದುಕೊಳ್ಳದೆ ಅಜ್ಜಿಯ ಕೈಗೆ ದಾಟಿಸಿದೆ. ಅಜ್ಜಿ ನನ್ನನ್ನು ಒಮ್ಮೆ ನೋಡಿ, ಚೀಲದಿಂದ ಒಂದು ಪುದೀನ ಮಿಠಾಯಿ ತೆಗೆದು ನನ್ನ ಅಂಗೈಗೆ ಒತ್ತಿದಳು.

ಸಭೆ ಮುಗಿದ ಮೇಲೆ ಬಿಷಪ್ ಕೋಣೆಗೆ ಕರೆ ಬಂತು. ಚಿಕ್ಕ ಕೋಣೆ, ಮೂರು ಕುರ್ಚಿ, ಅಳುವವರಿಗೆಂದು ಒಂದು ಟಿಶ್ಯೂ ಡಬ್ಬಿ. ಅಪ್ಪ ಮೂಲೆಯ ಕುರ್ಚಿಯಲ್ಲಿ ತನ್ನ ಕೈಗಳನ್ನು ನೋಡುತ್ತ ಕೂತಿದ್ದ. ಬಿಷಪ್ ಫೋನಿನಲ್ಲಿ ನಿಯಮಗಳನ್ನು ಹುಡುಕುತ್ತಿದ್ದರು.

"ನೋಡು ರುಶ್, ನಂಗೂ ಇದು ಹೊಸದು," ಅಂದರು. "ಯಾರಾದ್ರೂ ಬೇಡ ಅಂತ ಕೈ ಎತ್ತಿದ್ರೆ ಅವರನ್ನ ಒಳಗೆ ಕರ್ದು ಕೇಳ್ಬೇಕಂತೆ. ಆ ವ್ಯಕ್ತಿ ಮೇಲೆ ನಿಮ್ಮ ದೂರೇನು ಅಂತ."

"ಆ ವ್ಯಕ್ತಿ ನಾನೇ ಅಲ್ವಾ ಬಿಷಪ್."

"ಅದೇ ಬಂದಿರೋ ಪೇಚಾಟ. ಆದ್ರೂ ಕೇಳ್ಲೇಬೇಕು." ಕನ್ನಡಕ ಸರಿಮಾಡಿಕೊಂಡು ಓದುವ ಧ್ವನಿಯಲ್ಲಿ ಕೇಳಿದರು, "ಜೆರುಷಾ ಮಿಕೆಲ್ಸನ್ ಈ ಸೇವೆಗೆ ತಕ್ಕವಳಲ್ಲ ಅನ್ನೋಕೆ ನಿನಗೆ ಗೊತ್ತಿರೋ ಕಾರಣ ಏನಾದ್ರೂ ಇದ್ಯಾ?"

"ಇದೆ. ಅವಳಿಗೆ ನಂಬಿಕೆ ಇಲ್ಲ."

"ಇದರ ಬಗ್ಗೆ ನೀನು ಮೊದ್ಲು ಅವಳ ಹತ್ರಾನೇ ಮಾತಾಡಿ..." ಬಿಷಪ್ ಓದುವುದನ್ನು ನಿಲ್ಲಿಸಿ ಫೋನನ್ನು ಬೋರಲಾಗಿ ಇಟ್ಟರು. "ಬಿಡು, ಅದು ಆಗಿರತ್ತೆ."

ನನಗೆ ನಗು ಉಕ್ಕಿಬಂತು. ತಡೆದುಕೊಂಡೆ. ಬಿಷಪ್‌ಗೂ ಬಂದಿತ್ತು, ಅವರು ಟಿಶ್ಯೂ ತೆಗೆದು ಸುಮ್ಮನೆ ಮೂಗು ಒರೆಸಿಕೊಂಡರು. ಅಪ್ಪ ಮಾತ್ರ ನಗಲಿಲ್ಲ.

"ಬಿಷಪ್, ತಪ್ಪು ನಂದು," ಅಂದ. "ನಾನು ಇವಳನ್ನ ಕೇಳ್ಲೇ ಇಲ್ಲ."

"ನಂಗೆ ಬಿಡಿ ಅಂದಿದ್ರಲ್ಲ ವರ್ಲಿನ್."

"ಕೇಳ್ತೀನಿ ಅಂದೆ. ಮರಿ ಬಂದ್ವು." ಅಪ್ಪ ಕುರ್ಚಿ ನನ್ನ ಕಡೆ ತಿರುಗಿಸಿಕೊಂಡ. ಗಂಟಲು ಸರಿಮಾಡಿಕೊಂಡ. ಅವನು ಹೊರಗಿನವರ ಹತ್ತಿರ ಮಾತಾಡುವಾಗ ಮಾಡುವ ಹಾಗೆ. "ಈಗ ಕೇಳ್ತಿದೀನಿ. ಆ ಹುಡುಗಿಯರಿಗೆ ಪಾಠ ಹೇಳೋ ಸೇವೆ ನಿಂಗೆ ಬಂದಿದೆ. ಮಾಡ್ತೀಯಾ?"

ಎಂಟು ವರ್ಷಕ್ಕೆ ದೀಕ್ಷಾಸ್ನಾನಕ್ಕೆ ಮೊದಲೂ ನನ್ನನ್ನು ಕೇಳಿದ್ದರು, ನಿನಗೆ ಇಷ್ಟ ಇದೆಯಾ ಎಂದು. ಆದರೆ ಆಗಲೇ ಬಿಳಿ ಉಡುಪು ಹೊಲಿಸಿ ಆಗಿತ್ತು, ಅಜ್ಜಿಯ ಕೇಕು ಮೇಜಿನ ಮೇಲಿತ್ತು, ಇಡಾಹೋದಿಂದ ಚಿಕ್ಕಪ್ಪನ ಮನೆಯವರು ಬಂದು ಇಳಿದಿದ್ದರು. ಈ ಸಲ ಕೇಕು ಇರಲಿಲ್ಲ. ಅಪ್ಪ ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದ.

"ಇಲ್ಲ ಅಪ್ಪ."

"ಈ ಸೇವೆ ಬೇಡ್ವೋ, ಇಲ್ಲ..."

"ಯಾವ್ದೂ ಬೇಡ. ನಂಗೆ ನಂಬಿಕೆ ಇಲ್ಲ ಅಪ್ಪ. ತುಂಬ ದಿನ ಆಯ್ತು. ನಂಬ್ದೇ ಇರೋದನ್ನ ಆ ಮಕ್ಕಳ ಮುಂದೆ ಕೂತು ಹೇಳಕ್ಕಾಗಲ್ಲ."

ಅಪ್ಪ ತಲೆಯಾಡಿಸಿದ. ಒಪ್ಪಿದ್ದಕ್ಕಲ್ಲ, ಕೇಳಿಸಿತು ಎಂಬುದಕ್ಕೆ. ಬಿಷಪ್, "ಮುಂದಿನ ವಾರ ಹೆಸರು ವಾಪಸ್ ತಗೋತೀವಿ. ಸಭೆಗೆ ಬರೋದು ಬಿಡ್ಬೇಡಮ್ಮ, ಹಾಡೋಕೆ ನಿನ್ನಂಥ ಗಂಟಲು ಬೇಕು," ಅಂದರು. ಒಳ್ಳೆಯ ಮನುಷ್ಯ. ನನಗೆ ಅವರ ಮೇಲೆ ಯಾವ ಕಾಲಕ್ಕೂ ಬೇಸರವಿಲ್ಲ.

ಮನೆಗೆ ಬಂದು ಬಾಗಿಲು ದಾಟಿದ ಕೂಡಲೇ ಅಮ್ಮ ತಾನಾಗಿ ಹೇಳಿದಳು.

"ನಂಗೆ ಗೊತ್ತಿತ್ತು ವರ್ಲಿನ್. ಅವಳು ಚಳಿಗಾಲದಲ್ಲೇ ಹೇಳಿದ್ಲು. ನಾನೇ ತಡೆದೆ."

ಅಪ್ಪ ಅಮ್ಮನನ್ನು ನೋಡಿದ, ನನ್ನನ್ನು ನೋಡಿದ, ಟೈ ಬಿಚ್ಚಿ ಕುರ್ಚಿಗೆ ಹಾಕಿ, "ಮರಿ ನೋಡ್ಕೊಂಡ್ ಬರ್ತೀನಿ," ಎಂದು ಊಟ ಮಾಡದೆ ಹೋದ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಸಿಸ್ಟರ್ ಡ್ರೇಪರ್. ಕೈಯಲ್ಲಿ ಬಿಸಿ ಪಾತ್ರೆ. ತುರಿದ ಆಲೂಗಡ್ಡೆ, ಚೀಸು, ಕೆನೆ ಹಾಕಿ, ಮೇಲೆ ಜೋಳದ ಚಕ್ಕೆ ಉದುರಿಸಿ ಬೇಯಿಸಿದ್ದು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಆ ಮನೆಗೆ ತಪ್ಪದೆ ಹೋಗುವ ಅಡುಗೆ ಅದು.

ಅಜ್ಜಿ ಸೋಫಾದಿಂದಲೇ ಕೇಳಿದಳು, "ಯಾರು ಹೋದ್ರು?"

"ಯಾರೂ ಇಲ್ಲ ಲಾರೂ. ಸುಮ್ನೆ ತಂದೆ."

"ಸುಮ್ನೆ ಅಂದ್ರೆ ರುಶ್‌ಗೋಸ್ಕರ."

ಸಿಸ್ಟರ್ ಡ್ರೇಪರ್ ಕೆಂಪಾದರು. "ಏನೋ ಒಂದು ಮಾಡ್ಬೇಕಲ್ಲ ಅನ್ನಿಸ್ತು."

"ಅವಳು ಬದುಕೇ ಇದಾಳೆ, ಅಲ್ನೋಡಿ, ಚಮಚ ಹುಡುಕ್ತಾ ಇದಾಳೆ."

ನಿಜವಾಗಿಯೂ ಹುಡುಕುತ್ತಿದ್ದೆ. ತುಂಬ ಹಸಿವಾಗಿತ್ತು. ಸಂಜೆಯೊಳಗೆ ಇನ್ನೂ ಎರಡು ಪಾತ್ರೆ ಬಂದವು, ಅವೂ ಆಲೂಗಡ್ಡೆಯೇ. ಯಾರೂ ನನಗೆ ಉಪದೇಶ ಮಾಡಲಿಲ್ಲ. ಒಬ್ಬಾಕೆ ಅಪ್ಪಿಕೊಂಡು ಸ್ವಲ್ಪ ಅತ್ತಳು, ನಾನೇ ಅವಳ ಬೆನ್ನು ಸವರಿದೆ. ಎಲ್ಲರೂ ಹೋದ ಮೇಲೆ ಅಜ್ಜಿ ತಟ್ಟೆ ಕೆರೆಯುತ್ತ ಯೋಚನೆಯಲ್ಲಿದ್ದಳು.

"ನಾನು ಅರ್ಧ ಜೀವಮಾನಾನ ಪುಟ್ಟ ಮಕ್ಕಳ ಮೂಗು ಒರೆಸೋ ಸೇವೇಲೇ ಕಳ್ದೆ ಕಣೇ," ಅಂದಳು. "ನಂಗೆ ಪುಟ್ಟ ಮಕ್ಕಳನ್ನ ಕಂಡ್ರೆ ಆಗಲ್ಲ."

"ಬೇಡ ಅನ್ಬೇಕಿತ್ತು ಅಜ್ಜಿ."

"ಅನ್ನಬಹುದು ಅಂತ ಯಾರಿಗೆ ಗೊತ್ತಿತ್ತು? ನಂಬಿಕೆ ನಂಗಿದೆ ಕಣೇ, ಅದ್ರಲ್ಲಿ ಅನುಮಾನ ಇಲ್ಲ. ಮಕ್ಕಳನ್ನ ಕಂಡ್ರೆ ಆಗಲ್ಲ ಅಷ್ಟೇ." ಆಮೇಲೆ ಕಿಟಕಿಯ ಕಡೆ ಗದ್ದ ಎತ್ತಿ ತೋರಿಸಿದಳು. "ಅವನು ತಿಂದಿಲ್ಲ. ತಗೊಂಡೋಗು."

ನನಗೂ ಅದೇ ಬೇಕಿತ್ತು, ಅದೇ ಭಯವೂ ಇತ್ತು. ತಟ್ಟೆ ಹಿಡಿದು ಅಂಗಳ ದಾಟಿದೆ. ಶೆಡ್ಡಿನ ಒಳಗೆ ಬಿಸಿದೀಪಗಳ ಕೆಂಪು ಬೆಳಕು, ಸಾವಿರಾರು ಮರಿಗಳ ಚಿಂವ್‌ಚಿಂವ್. ಅಪ್ಪ ಮಂಡಿಯೂರಿ ಕೂತು ಒಂದೊಂದೇ ಮರಿಯನ್ನು ಹಿಡಿದು ಅದರ ಕೊಕ್ಕನ್ನು ನೀರಿಗೆ ಅದ್ದುತ್ತಿದ್ದ.

"ಆಲೂಗಡ್ಡೆ ತಂದಿದೀನಿ."

"ಯಾರ್ದು?"

"ಮೂರು ಬಂದಿದೆ. ಇದು ಸಿಸ್ಟರ್ ಡ್ರೇಪರ್‌ದು."

"ಅವಳು ಉಪ್ಪು ಹಾಕೋದೇ ಮರೀತಾಳೆ." ಆದರೂ ತಟ್ಟೆ ತೆಗೆದುಕೊಂಡ. ನಾನು ಅವನ ಜಾಗದಲ್ಲಿ ಕೂತು ಮರಿಗಳ ಕೊಕ್ಕು ಅದ್ದತೊಡಗಿದೆ.

"ಮೇಲೆ ನಿಂತಿದ್ದಾಗ ನಂಗೆ ಮೊದ್ಲು ನಾಚಿಕೆ ಆಯ್ತು," ಅಂದ ಅಪ್ಪ. "ಎಲ್ರ ಮುಂದೆ ಹಿಂಗ್ ಮಾಡಿದ್ಲಲ್ಲ ಅಂತ. ಕೂತ್ಕೊಂಡ್ಮೇಲೆ ಅದು ಹೋಯ್ತು. ಹೆದ್ರಿಕೆ ಆಯ್ತು."

"ಏನಕ್ಕೆ?"

"ಏನಕ್ಕೆ ಅಂತ ನಿಂಗೊತ್ತು."

ಗೊತ್ತಿತ್ತು. ದೇವಾಲಯದಲ್ಲಿ ಬೆಸೆದ ಸಂಸಾರ ಸತ್ತ ಮೇಲೂ ಸಂಸಾರವಾಗಿಯೇ ಇರುತ್ತದೆ ಎಂದು ನಮ್ಮವರ ನಂಬಿಕೆ. ಒಬ್ಬರು ತಪ್ಪಿದರೂ ಆ ಕಡೆ ಒಂದು ಕುರ್ಚಿ ಖಾಲಿ.

"ನಿಮ್ಮಮ್ಮ ಇರ್ತಾಳೆ, ಅಜ್ಜಿ ಇರ್ತಾಳೆ, ನಾನಿರ್ತೀನಿ," ಅಂದ. "ಎಲ್ರೂ ಕೂತಿರ್ತೀವಿ. ನೀನಿರಲ್ವಲ್ಲ ರುಶ್. ನಾನು ಯಾರ ಜೊತೆ ಮಾತಾಡ್ಲಿ ಅಲ್ಲಿ? ನಿಮ್ಮಮ್ಮಂಗೆ ಟರ್ಕಿ ವಿಷಯ ಎತ್ತಿದ್ರೆ ಆಗಲ್ಲ."

ಇಂಥ ದಿನಕ್ಕೆಂದು ನಾನು ಎಷ್ಟೋ ಉತ್ತರ ಸಿದ್ಧಮಾಡಿಕೊಂಡಿದ್ದೆ. ಟ್ರಕ್ಕು ಓಡಿಸುತ್ತ ಒಬ್ಬಳೇ ಜೋರಾಗಿ ವಾದ ಮಾಡಿ ಗೆದ್ದಿದ್ದೆ. ಒಂದೂ ಈಗ ಕೆಲಸಕ್ಕೆ ಬರಲಿಲ್ಲ. ಅವನು ವಾದ ಮಾಡುತ್ತಲೇ ಇರಲಿಲ್ಲ.

"ಈ ಕಡೆ ಇದೀನಲ್ಲ ಅಪ್ಪ," ಅಂದೆ. "ಈಗ. ಇಲ್ಲೇ. ಟರ್ಕಿ ಹಿಕ್ಕೆ ಮೇಲೆ ಕೂತಿದೀನಿ."

ಅಪ್ಪ ನನ್ನ ಕಾಲು ನೋಡಿದ. "ಬೂಟು ಹಾಕ್ಕೊಂಡ್ ಬರಕ್ಕಾಗಲ್ವಾ? ಸಭೆ ಚಪ್ಪಲೀಲಿ ಬಂದಿದೀಯ."

"ನಿನ್ ಪ್ಯಾಂಟ್ ನೋಡ್ಕೋ ಮೊದ್ಲು. ಅಮ್ಮ ಇಸ್ತ್ರಿ ಮಾಡಿದ್ದು."

ಮಂಡಿಯ ಹತ್ತಿರ ನೋಡಿಕೊಂಡು, "ಹೋಯ್ತು," ಅಂದ. ಒಂದು ಮರಿ ಅವನ ಟೈ ಇಲ್ಲದ ಅಂಗಿಯ ಗುಂಡಿ ಕುಕ್ಕುತ್ತಿತ್ತು. ಅದನ್ನು ಎತ್ತಿ ಕೆಳಗಿಟ್ಟ. "ನಾನು ನಿಂಗೋಸ್ಕರ ಪ್ರಾರ್ಥನೆ ಮಾಡೋದು ನಿಲ್ಲಿಸಲ್ಲ. ಅದನ್ನ ಮಾತ್ರ ಕೇಳ್ಬೇಡ."

"ಮಾಡು. ಊಟದ ಮುಂದೆ ಜೋರಾಗಿ ನನ್ ಹೆಸರು ತಗೋಬೇಡ ಅಷ್ಟೇ. ಊಟ ಆರೋಗತ್ತೆ ಅಂತ ಅಜ್ಜಿ ನನ್ ಮೇಲೇ ರೇಗ್ತಾಳೆ."

"ಸರಿ. ಮನಸ್ಸಲ್ಲೇ ತಗೋತೀನಿ." ತಟ್ಟೆ ಖಾಲಿ ಮಾಡಿ ಪಕ್ಕಕ್ಕಿಟ್ಟು ನನ್ನ ಎದುರಿಗೆ ಮಂಡಿಯೂರಿದ. ಇಬ್ಬರೂ ಸೇರಿ ಮರಿಗಳ ಕೊಕ್ಕು ಅದ್ದಿದೆವು. ತುಂಬ ಹೊತ್ತಾದ ಮೇಲೆ ಕೇಳಿದ, "ಮುಂದಿನ ವಾರ ಎಲ್ಲಿ ನಿಂಗೆ ಕೆಲಸ?"

"ನೆವಾಡಾದಲ್ಲಿ. ಈಲಿ ಊರು ದಾಟಿ ಸ್ವಲ್ಪ ದೂರ."

"ಭಾನುವಾರಾನೂ ಕತ್ತರಿಸ್ತೀರಾ?"

"ಕುರಿಗೆ ಭಾನುವಾರ ಗೊತ್ತಾಗಲ್ವಲ್ಲ ಅಪ್ಪ."

"ಟರ್ಕಿಗೂ ಗೊತ್ತಾಗಲ್ಲ." ಇನ್ನೊಂದು ಮರಿಯ ಕೊಕ್ಕು ಅದ್ದಿದ. "ಇಷ್ಟು ವರ್ಷ ಆಯ್ತು, ನೀನು ಅಲ್ಲಿ ಏನ್ ಮಾಡ್ತೀಯ ಅಂತ ನಾನು ಒಂದ್ಸಲಾನೂ ನೋಡಿಲ್ಲ. ಬಂದು ನೋಡ್ಬಹುದಾ?"

"ಭಾನುವಾರ?"

"ಶನಿವಾರ. ಭಾನುವಾರ ನಂಗೆ ನಿನ್ನ ಹೆಸರು ವಾಪಸ್ ತಗೊಳೋ ಕೆಲಸ ಇದೆ."

ಶನಿವಾರ ಅವನು ಬಂದೇ ಬಂದ. ಮರಿಗಳನ್ನು ಅಮ್ಮ ಮತ್ತು ಪಕ್ಕದ ಮನೆಯವರಿಗೆ ಒಪ್ಪಿಸಿ, ಕತ್ತಲಲ್ಲೇ ಹೊರಟು, ಮರುಭೂಮಿ ದಾಟಿಕೊಂಡು ಬಂದಿದ್ದ. ಹೊಸ ಅಂಗಿ ಹಾಕಿದ್ದ. ಐಸ್ ಪೆಟ್ಟಿಗೆಯ ತುಂಬ ಮೊಟ್ಟೆ ಸ್ಯಾಂಡ್‌ವಿಚ್, ಇಡೀ ತಂಡಕ್ಕಾಗುವಷ್ಟು. ಮೈತೆ ಅವನನ್ನು ಮೇಲಿಂದ ಕೆಳಗೆ ನೋಡಿ, "ನೀವೇ ಇವಳಪ್ಪ. ಹೇಳೋದೇ ಬೇಡ. ಇಬ್ಬರೂ ಒಂದೇ ಥರ ಸೊಂಟದ ಮೇಲೆ ಕೈ ಇಟ್ಕೊಂಡು ನಿಲ್ತೀರ," ಅಂದಳು.

ನಾನು ಹೆಮ್ಮೆಗೆ ಸ್ವಲ್ಪ ಜಾಸ್ತಿಯೇ ವೇಗವಾಗಿ ಕತ್ತರಿಸಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಅಪ್ಪ ಬೇಲಿಗೆ ಆತುಕೊಂಡು ಕಣ್ಣು ಮಿಟುಕಿಸದೆ ನೋಡಿದ. ಮೊದಲ ಕುರಿ ಬೋಳಾಗಿ ಎದ್ದು ತೂರಾಡುತ್ತ ಓಡಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಪ್ರಶ್ನೆಗಳು ಶುರುವಾದವು. ಬ್ಲೇಡು ಯಾವಾಗ ಬದಲಾಯಿಸುತ್ತೀಯ, ಚರ್ಮ ಕೊಯ್ದರೆ ಏನು ಮಾಡುತ್ತೀಯ, ಸೊಂಟ ನೋಯುವುದಿಲ್ಲವಾ, ಇಷ್ಟು ಚೆನ್ನಾಗಿ ಯಾರು ಕಲಿಸಿದರು. ಒಂದೊಂದಕ್ಕೂ ನಾನು ಕುರಿಗಿಂತ ಉದ್ದದ ಉತ್ತರ ಕೊಟ್ಟೆ, ಅವನು ಒಂದೊಂದನ್ನೂ ಪೂರ್ತಿ ಕೇಳಿದ.

ಹತ್ತು ಗಂಟೆಯ ಬಿಡುವಿಗೆ ಎಲ್ಲರೂ ಮಿಷನ್ನು ನಿಲ್ಲಿಸಿ ಬಾಗಿಲ ಬಿಸಿಲಲ್ಲಿ ಕೂತೆವು. ಮೈತೆ ದೊಡ್ಡ ಫ್ಲಾಸ್ಕು ತೆಗೆದು ಲೋಟಗಳಿಗೆ ಕಾಫಿ ಬಗ್ಗಿಸತೊಡಗಿದಳು. ನಮ್ಮ ಧರ್ಮದಲ್ಲಿ ಕಾಫಿ ಎಂದರೆ ಹೆಂಡದ ಸಾಲಿಗೇ ಸೇರಿದ್ದು, ನಮ್ಮ ಮನೆಯಲ್ಲಿ ಅದರ ವಾಸನೆಯೂ ಸುಳಿದಿಲ್ಲ. ಮೈತೆ ಮೊದಲ ಲೋಟವನ್ನು ಅಪ್ಪನ ಕಡೆ ಚಾಚಿದಳು.

"ಬೇಡಮ್ಮ, ಥ್ಯಾಂಕ್ಸು," ಅಂದ ಅಪ್ಪ. "ನಮ್ಮನೇಲಿ ಯಾರೂ ಕುಡಿಯಲ್ಲ."

ಮೈತೆಯ ಕೈ ಎರಡನೆಯ ಲೋಟದ ಮೇಲೆ ನಿಂತುಬಿಟ್ಟಿತು. ದಿನಾ ನನಗೆ ಬಗ್ಗಿಸಿಕೊಡುವವಳು ಅವಳೇ. ಅವಳು ನನ್ನನ್ನು ನೋಡಿದಳು, ನಾನು ನನ್ನ ಬೂಟು ನೋಡಿದೆ. ಒಂದು ದಿನ ಕುಡಿಯದಿದ್ದರೆ ಏನೂ ಆಗುವುದಿಲ್ಲ, ಪಾಪ ಅಷ್ಟು ದೂರದಿಂದ ಬಂದಿದ್ದಾನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅಪ್ಪ ನಮ್ಮಿಬ್ಬರ ಮುಖ ನೋಡಿದ. ಐಸ್ ಪೆಟ್ಟಿಗೆಯ ಮುಚ್ಚಳ ಒಮ್ಮೆ ತೆರೆದು ಮುಚ್ಚಿದ.

"ನಾನು ಹೇಳಿದ್ದು ನನ್ ವಿಷಯ," ಅಂದ ಮೈತೆಗೆ. "ಅವಳನ್ನ ಕೇಳಿ."

"ರುಶ್?" ಅಂದಳು ಮೈತೆ.

"ಕೊಡಿ," ಅಂದೆ.

ಲೋಟ ನನ್ನ ಕೈಗೆ ಬಂತು. ಅಪ್ಪ ನೋಡುತ್ತಲೇ ಇದ್ದ. ನಾನು ಬಾಯಿಯವರೆಗೆ ತಂದೆ.

"ತುಂಬಾ ಬಿಸಿನಾ ಅದು?" ಅಂದ.

"ಬಿಸಿ ಇದೆ."

"ಊದ್ಕೊಂಡು ಕುಡಿ, ನಾಲ್ಗೆ ಸುಟ್ಕೊಂಡೀಯ," ಎಂದು ಹೇಳಿ, ಪೆಟ್ಟಿಗೆಯಿಂದ ಒಂದು ಸ್ಯಾಂಡ್‌ವಿಚ್ ತೆಗೆದು ನನ್ನ ಮಂಡಿಯ ಮೇಲಿಟ್ಟ.